ಗಿಳಿಯನ್ನು ಯಾರು ಮುಳುಗಿಸುತ್ತಾರೆ?

ಬೆಂಗಳೂರಿನ ನನ್ನ ಮನೆಯ ಗಾಜಿನ ಕಪಾಟಿನಲ್ಲಿ ಎರಡು ಗೊಂಬೆಗಳಿವೆ. ಒಂದು ಕೊಪ್ಪಳ ಜಿಲ್ಲೆಯ ಕಿನ್ನಾಳದ್ದು. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ಎಲ್ಲಿ ಕೊಂಡಿರಿ, ಎಷ್ಟಾಯಿತು ಎಂದು ವಿಚಾರಿಸದೆ ಹೋಗುವುದಿಲ್ಲ. ಇನ್ನೊಂದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಮಾಡಿದ ಗಿಳಿ. ಮೈಗೆ ಹಸಿರು, ಕೊಕ್ಕಿಗೆ ಕೆಂಪು, ಕುಳಿತ ಕೊಂಬೆಗೆ ಕಂದು ಬಣ್ಣ. ಮನೆ ಬದಲಿಸುವಾಗ ಬಾಲದ ತುದಿ ಮುರಿದು ಒಳಗಿನ ಬಿಳುಪು ಕಾಣುತ್ತಿದೆ. ಇದನ್ನು ಕಂಡವರು ‘ಇನ್ನೂ ಇಟ್ಟುಕೊಂಡಿದ್ದೀರಾ?’ ಎಂದು ನಗುತ್ತಾರೆ.

ಆ ಗಿಳಿಯನ್ನು ಮಾಡಿದ್ದು ನನ್ನ ಹುಟ್ಟೂರು ಸಾಲೋಟಗಿಯ ಆಸುಪಾಸಿನ ಒಂದು ಕುಂಬಾರ ಮನೆತನ. ಮೂರು ತಲೆಮಾರು ಈ ಕಸುಬು ಮಾಡಿದ ಆ ಮನೆಯ ಹಿಂದಿನ ಕೋಣೆಯಲ್ಲಿ ಈಗ ಗೊಂಬೆಗಳಿಲ್ಲ, ಅಚ್ಚುಗಳು ಮಾತ್ರ ಇವೆ. ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಆ ಕೋಣೆಯಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ಅಲ್ಲಿಂದ ಎದ್ದು ಬಂದ ಮೇಲೂ ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕ್ರಿ.ಶ. 945ರ ಶಾಸನವೊಂದು ಈ ಊರನ್ನು ಪಾವಿಟ್ಟಗೆ ಎಂದು ಕರೆಯುತ್ತದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಕಟ್ಟಿಸಿದ ಶಾಲೆಗೆ ದೂರದೂರದಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ಯೋಗಕ್ಷೇಮಕ್ಕೆ ಭೂಮಿಯನ್ನು ಬಿಟ್ಟಿದ್ದಲ್ಲದೆ, ಊರಿನಲ್ಲಿ ಮದುವೆಯಾದರೆ ಇಷ್ಟು, ಮುಂಜಿಯಾದರೆ ಇಷ್ಟು ಎಂದು ಶಾಲೆಗೆ ಕಾಣಿಕೆಯನ್ನು ಗೊತ್ತುಪಡಿಸಲಾಗಿತ್ತು. ಒಂದು ವಿದ್ಯೆ ಉಳಿಯಬೇಕಾದರೆ ಊರಿಗೆ ಊರೇ ಅದರ ಖರ್ಚು ಹೊರಬೇಕೆಂಬ ತಿಳಿವಳಿಕೆ ಸಾವಿರ ವರ್ಷಗಳ ಹಿಂದೆ ನಮ್ಮವರಿಗೆ ಇತ್ತು. ಅಕ್ಷರವಿದ್ಯೆಗೆ ಸಂದ ಆ ಮರ್ಯಾದೆ ಕೈವಿದ್ಯೆಗೆ ಸಂದ ಉದಾಹರಣೆ ನಮ್ಮ ಸೀಮೆಯಲ್ಲಿ ನನಗೆ ಕಂಡಿಲ್ಲ. ಕುಂಬಾರನ ಮಗ ಕುಂಬಾರಿಕೆಯನ್ನು ಅಪ್ಪನ ಪಕ್ಕದಲ್ಲಿ ಕುಳಿತು ಕಲಿತ. ಅದರ ಖರ್ಚನ್ನು ಅವನ ಮನೆಯೇ ಹೊತ್ತಿತು.

ಆ ಮನೆಯ ಹಿರಿಯರಿಗೆ ಈಗ ಎಪ್ಪತ್ತೈದರ ಮೇಲೆ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಅವರ ಬಾಲ್ಯದಲ್ಲಿ ಮನೆಯ ವರ್ಷವು ಮಣ್ಣಿನ ಹಬ್ಬಗಳ ಲೆಕ್ಕದಲ್ಲಿ ಸಾಗುತ್ತಿತ್ತು. ಕಾರಹುಣ್ಣಿಮೆ ಕಳೆದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಅವನ ಬೆನ್ನಿಗೇ ಜೋಕುಮಾರ. ಇವೆಲ್ಲ ಹಸಿ ಮಣ್ಣಿನ ಮೂರ್ತಿಗಳು. ಸುಡುವಂತಿಲ್ಲ, ಉಳಿಸಿಕೊಳ್ಳುವಂತಿಲ್ಲ. ಪೂಜೆ ಮುಗಿದರೆ ಮಣ್ಣು ಮಣ್ಣಿಗೆ ಸೇರಬೇಕು. ಗಣಪತಿಯೊಬ್ಬನನ್ನು ಬಿಟ್ಟರೆ ಮಿಕ್ಕವರಿಗೆ ಬಣ್ಣವೂ ಹೆಚ್ಚು ಬೇಕಿರಲಿಲ್ಲ. ಕೊಡುವವರು ದುಡ್ಡಿಗಿಂತ ಜೋಳವನ್ನೇ ಕೊಡುತ್ತಿದ್ದರು.

ನಮ್ಮ ಭಾಗದ ಎರೆಮಣ್ಣು ಜೋಳಕ್ಕೆ ಒಳ್ಳೆಯದು, ಮೂರ್ತಿಗೆ ಹಠಮಾರಿ. ಹಸಿಯಾಗಿದ್ದಾಗ ಬೆಣ್ಣೆಯಂತೆ ಕೈಗೆ ಬರುತ್ತದೆ. ಒಣಗುವಾಗ ಹೊಲದಲ್ಲಿ ಬಿರಿಯುವಂತೆಯೇ ಮೂರ್ತಿಯ ಹೊಟ್ಟೆಯಲ್ಲೂ ಬಿರಿಯುತ್ತದೆ. ಅದಕ್ಕಾಗಿ ಹಳ್ಳದ ದಂಡೆಯ ಜೇಡಿಮಣ್ಣು ತಂದು, ಸೋಸಿ, ಹತ್ತಿ ಕಲಸಿ, ತುಳಿದು, ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು. ಭಾದ್ರಪದವೋ ಮಳೆಯ ಕಾಲ. ಕಾಕಾ ಹುಡುಗನಾಗಿದ್ದಾಗ ರಾತ್ರಿ ಮಳೆ ಬಂದರೆ ಮಕ್ಕಳನ್ನು ಎಬ್ಬಿಸಿ, ಅವರು ಮಲಗಿದ್ದ ಜಾಗದಲ್ಲಿ ಗಣಪತಿಗಳನ್ನು ಕೂಡಿಸುತ್ತಿದ್ದರಂತೆ.

ಅವರ ತಂದೆ 1960ರ ದಶಕದಲ್ಲಿ ಒಂದು ಬರಗಾಲಕ್ಕೆ ಸಿಕ್ಕಿ ಸೋಲಾಪುರಕ್ಕೆ ಗಿರಣಿಯ ಕೆಲಸಕ್ಕೆ ಹೋದರು. ನಮ್ಮ ಇಂಡಿ ಸೀಮೆಯವರಿಗೆ ಬೆಂಗಳೂರು ಇಂದಿಗೂ ದೂರ. ಭೀಮಾ ನದಿ ದಾಟಿದರೆ ಸೋಲಾಪುರ. ಅವರು ಬಾಡಿಗೆಗಿದ್ದ ಗಲ್ಲಿಯಲ್ಲಿ ಮೂರ್ತಿ ಮಾಡುವ ಒಂದು ಮನೆಯಿತ್ತು. ಅಲ್ಲಿ ಅವರು ಬಿಳಿಯ ಹಿಟ್ಟನ್ನು ನೀರಿಗೆ ಹಾಕಿ ಕಲಸುವುದನ್ನೂ, ತುಸು ಹೊತ್ತಿನಲ್ಲಿ ಅದು ಬಿಸಿಯಾಗಿ ಕಲ್ಲಿನಂತೆ ಗಟ್ಟಿಯಾಗುವುದನ್ನೂ ನೋಡಿದರು. ಗಿರಣಿಯಿಂದ ಊರಿಗೆ ಮರಳುವಾಗ ತಂದದ್ದು ಒಂದು ಚೀಲ ಪ್ಲಾಸ್ಟರ್. ಅದರಿಂದ ಅವರು ಮೊದಲು ಗೊಂಬೆ ಮಾಡಲಿಲ್ಲ, ಅಚ್ಚು ಮಾಡಿದರು. ಮಣ್ಣಿನಲ್ಲಿ ತಿದ್ದಿದ ಒಂದು ಒಳ್ಳೆಯ ಗಣಪತಿಯ ಮೇಲೆ ಪ್ಲಾಸ್ಟರ್ ಹೊಯ್ದು ತುಂಡುತುಂಡಾಗಿ ಅಚ್ಚು ತೆಗೆದು, ಅದರೊಳಗೆ ಮತ್ತೆ ಮಣ್ಣನ್ನೇ ಒತ್ತುತ್ತಿದ್ದರು. ಪ್ಲಾಸ್ಟರ್ ಅಚ್ಚಿಗೆ ನೀರು ಹೀರುವ ಗುಣವಿದೆ. ಒತ್ತಿದ ಮಣ್ಣಿನ ತೇವವನ್ನು ಅದು ಎಳೆದುಕೊಂಡರೆ, ಮಣ್ಣು ಸ್ವಲ್ಪ ಕುಗ್ಗಿ ತಾನಾಗಿಯೇ ಅಚ್ಚು ಬಿಟ್ಟು ಬರುತ್ತದೆ. ಹತ್ತಾರು ವರ್ಷ ಆ ಮನೆಯಲ್ಲಿ ಪ್ಲಾಸ್ಟರ್ ಮಣ್ಣಿನ ಸೇವೆಯನ್ನೇ ಮಾಡಿತು ಎಂಬುದನ್ನು ನೆನಪಿಡಬೇಕು. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

ಈ ಬಿಳಿಯ ಹಿಟ್ಟಿನ ಕುಲಗೋತ್ರವನ್ನೂ ಒಮ್ಮೆ ನೋಡಬಹುದು. ಸವಳು ಭೂಮಿಗೆ ನಮ್ಮ ರೈತರು ಹಾಕುವ ಜಿಪ್ಸಂ ಎಂಬ ಖನಿಜವೇ ಇದರ ಮೂಲ. ಅದನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಒಳಗಿನ ನೀರಿನ ಮುಕ್ಕಾಲು ಪಾಲು ಆವಿಯಾಗಿ ಪುಡಿ ಉಳಿಯುತ್ತದೆ. ಮತ್ತೆ ನೀರು ಕೊಟ್ಟರೆ, ಕಳೆದುಕೊಂಡದ್ದನ್ನು ಕುಡಿದು ಪುನಃ ಕಲ್ಲಾಗುತ್ತದೆ. ಗಟ್ಟಿಯಾಗುವಾಗ ಅದು ಕೂದಲೆಳೆಯಷ್ಟು ಹಿಗ್ಗುವುದರಿಂದ ಅಚ್ಚಿನ ಸಣ್ಣ ಗೆರೆಯನ್ನೂ ಬಿಡದೆ ಹಿಡಿಯುತ್ತದೆ. ಪ್ಯಾರಿಸ್‌ನ ಮೊಂಮಾರ್ತ್ರ್ ಗುಡ್ಡದಲ್ಲಿ ಈ ಕಲ್ಲಿನ ಗಣಿಗಳಿದ್ದವು, ಆದ್ದರಿಂದ ಆ ಹೆಸರು. ನಮಗೆ ಬರುವುದು ಮಾತ್ರ ರಾಜಸ್ಥಾನದಿಂದ.

ಪ್ಲಾಸ್ಟರ್ ಗೊಂಬೆಯನ್ನು ಬೀದಿಬೀದಿಗೆ ಒಯ್ದವರು ಇಟಲಿಯ ಲುಕ್ಕಾ ಸೀಮೆಯ ಬಡ ಹಳ್ಳಿಗರು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಊರಿನ ಒಬ್ಬ ಯಜಮಾನ ಅಚ್ಚುಗಳನ್ನು ಗಂಟು ಕಟ್ಟಿಕೊಂಡು, ಹುಡುಗರನ್ನು ಕರೆದುಕೊಂಡು ಯುರೋಪಿನ ಪಟ್ಟಣಗಳಿಗೆ ಹೊರಡುತ್ತಿದ್ದ. ಯಜಮಾನ ಎರಕ ಹೊಯ್ಯುವನು. ಹುಡುಗರು ಸಂತರು, ರಾಜರು, ಬೆಕ್ಕುಗಳ ಗೊಂಬೆಗಳನ್ನು ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮಾರುವರು. ಕೊರೆಲ್ಯ ಎಂಬ ಆ ಕಡೆಯ ಊರಿನಲ್ಲಿ ಇವರ ನೆನಪಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ. ಅದೇ ಸೀಮೆಯ ಡೊಮೆನಿಕೊ ಬ್ರುಚಾನಿ (1815–1880) ಲಂಡನ್ನಿನಲ್ಲಿ ಅಂಗಡಿ ತೆರೆದು ದೊಡ್ಡ ಹೆಸರು ಮಾಡಿದ. ಸ್ಪೇನಿನ ಸಾಂತಿಯಾಗೊ ದೇವಾಲಯದ ಮಹಾದ್ವಾರದ ಪೂರ್ಣ ಪ್ರತಿಕೃತಿಯನ್ನು 1866ರಲ್ಲಿ ಪ್ಲಾಸ್ಟರ್‌ನಲ್ಲಿ ತೆಗೆದುಕೊಟ್ಟವನು ಅವನೇ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅದನ್ನು ಇಂದಿಗೂ ನೋಡಬಹುದು. ಅವನ ಕಾಲದ ನಂತರ ವ್ಯಾಪಾರ ಇಳಿಮುಖವಾದಾಗ, 1922ರಲ್ಲಿ ಅಲ್ಲಿನ ಸರ್ಕಾರದ ಶಿಕ್ಷಣ ಮಂಡಳಿ ಆ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡು 1951ರವರೆಗೆ ನಡೆಸಿತು. ಕಲಾಶಾಲೆಗಳಿಗೆ ಅದು ಬೇಕು ಎಂಬುದು ಕಾರಣ.

ಮುಂಬಯಿಯಲ್ಲಿ 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯ ಹುಡುಗರು ಕೈ ಪಳಗಿಸಿಕೊಂಡದ್ದು ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಕೃತಿಗಳನ್ನು ನೋಡಿಯೇ. ಅಲ್ಲಿ ಕಲಿತ ಗಣಪತರಾವ್ ಮ್ಹಾತ್ರೆ 1896ರಲ್ಲಿ ಪ್ಲಾಸ್ಟರ್‌ನಲ್ಲಿ ಮಾಡಿದ, ಗುಡಿಗೆ ಹೊರಟ ತರುಣಿಯ ಮೂರ್ತಿ ದೇಶದ ಗಮನ ಸೆಳೆಯಿತು. ನಮ್ಮಲ್ಲಿ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಗಾಗಿ ಇದೇ ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪಗಳನ್ನು ರೂಪಿಸಿದರು. ಅರಮನೆಯಲ್ಲಿದ್ದಾಗ ಕಲೆ, ಕಲಾಶಾಲೆಯಲ್ಲಿದ್ದಾಗ ಪಾಠ ಎನಿಸಿಕೊಂಡ ವಸ್ತು ಜಾತ್ರೆಯ ಬಯಲಿಗೆ ಬಂದ ಕೂಡಲೇ ‘ಪಿಒಪಿ’ಯಾಗಿ ಅಗ್ಗವಾಯಿತು. ನನ್ನ ಗಿಳಿಯನ್ನು ಕಂಡು ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಗುವಿನ ಹಿಂದಿರುವುದು ಇದೇ ತಾರತಮ್ಯ.

ಕಾಕಾನ ಕೈಗೆ ಕಸುಬು ಬಂದಾಗ ಮನೆಯಲ್ಲಿ ಅಚ್ಚಷ್ಟೇ ಅಲ್ಲ, ಗೊಂಬೆಯೂ ಪ್ಲಾಸ್ಟರ್‌ನದಾಯಿತು. ತುಂಡು ಅಚ್ಚಿನ ಜಾಗಕ್ಕೆ ರಬ್ಬರ್ ಅಚ್ಚು ಬಂತು. ಕಲಸಿದ ಪ್ಲಾಸ್ಟರ್ ಸುರಿದು, ಅಚ್ಚನ್ನು ಕೈಯಲ್ಲಿ ಹೊರಳಿಸಿ ಒಳಗೋಡೆಗೆಲ್ಲ ಹತ್ತಿಸಿ, ದೊಡ್ಡ ಮೂರ್ತಿಯಾದರೆ ತೆಂಗಿನ ನಾರು ಇಟ್ಟು ಬಿಗಿ ಮಾಡಿ, ಗಟ್ಟಿಯಾದ ಮೇಲೆ ರಬ್ಬರನ್ನು ಕಾಲುಚೀಲ ಬಿಚ್ಚಿದಂತೆ ಸುಲಿದು ತೆಗೆಯುವುದು. ಒಳಗೆ ಟೊಳ್ಳು, ಆದ್ದರಿಂದ ಹಗುರ. ಮಣ್ಣಿನಲ್ಲಿ ವಾರ ಹಿಡಿಯುತ್ತಿದ್ದುದು ಒಂದೇ ಹಗಲಿನಲ್ಲಿ ಆಯಿತು. ಮಳೆಯ ರಾತ್ರಿಗಳಲ್ಲಿ ಮಕ್ಕಳು ನಿದ್ದೆ ಮಾಡುವಂತಾಯಿತು.

ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ವರ್ಷವಿಡೀ ಕೆಲಸ ಸಿಕ್ಕಿದ್ದು. ಹಸಿ ಮಣ್ಣಿನ ಮೂರ್ತಿಗೆ ಹಬ್ಬ ಬೇಕು. ಪ್ಲಾಸ್ಟರ್ ಗೊಂಬೆಗೆ ಮನೆಯಲ್ಲೊಂದು ಮೂಲೆ ಸಾಕು. ಗಿಳಿಗಳ ಜೋಡಿ, ಹುಂಡಿಯ ಹೊಟ್ಟೆಯ ಮಾವಿನಹಣ್ಣು, ಕೊಳಲು ಹಿಡಿದ ಕೃಷ್ಣ, ಪುಸ್ತಕ ಹಿಡಿದ ಅಂಬೇಡ್ಕರ್, ಖಡ್ಗ ಹಿಡಿದ ಕಿತ್ತೂರು ಚೆನ್ನಮ್ಮ. ಬಸವಣ್ಣನ ಹುಟ್ಟೂರಾದ ಬಾಗೇವಾಡಿ ನಮ್ಮದೇ ಜಿಲ್ಲೆಯಲ್ಲಿರುವುದರಿಂದ ಬಸವಣ್ಣನ ಗೊಂಬೆಗೆ ಎಂದೂ ಬರವಿರಲಿಲ್ಲ. ಸ್ಥಾವರವನ್ನು ಒಪ್ಪದ ಆ ಮಹಾನುಭಾವನ ಮೂರ್ತಿಯೇ ಹೆಚ್ಚು ಖರ್ಚಾಗುತ್ತಿತ್ತು ಎಂಬುದನ್ನು ಕಾಕಾ ಹೇಳಿದ್ದು ಯಾವ ವ್ಯಂಗ್ಯವೂ ಇಲ್ಲದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿ ಸಾಲಾಗಿ ಜೋಡಿಸಿದ ಈ ಗೊಂಬೆಗಳ ಮುಂದೆ ನಾನು ಅವ್ವನ ಸೆರಗು ಹಿಡಿದು ಹಟ ಮಾಡಿದ್ದೇನೆ. ಆಗ ಸಿಕ್ಕಿದ ಗಿಳಿ ಯಾವಾಗಲೋ ಒಡೆಯಿತು. ಈಗ ಇರುವುದು ನಾನೇ ದೊಡ್ಡವನಾದ ಮೇಲೆ ಕೊಂಡದ್ದು.

ಗಣಪತಿಯ ವಿಷಯಕ್ಕೆ ಬಂದರೆ, ನಾನು ದೂರ ನಿಂತು ನ್ಯಾಯ ಹೇಳುವಂತಿಲ್ಲ. 1990ರ ದಶಕದಲ್ಲಿ ವಿಜಯಪುರದಲ್ಲಿ ನೌಕರಿಯಲ್ಲಿದ್ದಾಗ ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಗೆ ನಾನು ಕಾರ್ಯದರ್ಶಿ. ಒಂದು ವರ್ಷ ಕಾಕಾ ಮಣ್ಣಿನ ಮೂರ್ತಿ ಮಾಡಿಕೊಡುವುದಾಗಿ ಹೇಳಿದರೂ ನಾವು ಒಪ್ಪಲಿಲ್ಲ. ಪಕ್ಕದ ಬಡಾವಣೆಯವರದು ಆರಡಿ. ನಮ್ಮದು ಅದಕ್ಕಿಂತ ಎತ್ತರವಿರಬೇಕು, ಬಣ್ಣ ಹೊಳೆಯಬೇಕು, ಟ್ರ್ಯಾಕ್ಟರಿಗೆ ಏರಿಸಲು ನಾಲ್ಕು ಜನ ಸಾಕಾಗಬೇಕು. ಇವೆಲ್ಲ ನಮ್ಮ ಶರತ್ತುಗಳು. ಚೌಕಾಶಿಯನ್ನೂ ನಾವೇ ಮಾಡಿದೆವು. ಮೂರ್ತಿಗಾರರು ದುರಾಸೆಯಿಂದ ಮಣ್ಣು ಬಿಟ್ಟರು ಎಂದು ಯಾರಾದರೂ ಸಭೆಯಲ್ಲಿ ಮಾತನಾಡುವಾಗ ನನಗೆ ಆ ಟ್ರ್ಯಾಕ್ಟರ್ ನೆನಪಾಗುತ್ತದೆ.

ನೀರಿನ ಕಡೆಯ ದೂರು ಸುಳ್ಳಲ್ಲ. ಜಿಪ್ಸಂ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು ಎರಡು ಗ್ರಾಂ ಮಾತ್ರ. ಐದು ಕಿಲೋ ತೂಕದ ಒಂದು ಮೂರ್ತಿ ಪೂರ್ತಿ ಕರಗಲು ಎರಡು ಸಾವಿರ ಲೀಟರ್‌ಗಿಂತ ಹೆಚ್ಚು ನೀರು ಬೇಕು. ಕರಗಿದಷ್ಟು ನೀರು ಗಡುಸಾಗುತ್ತದೆ. ಕರಗದೆ ಉಳಿದದ್ದು ತಳದಲ್ಲಿ ಕೂಡುತ್ತದೆ. ಹೊಳೆಯುವ ಬಣ್ಣಗಳಲ್ಲಿನ ಸೀಸ, ಕ್ರೋಮಿಯಂಗಳ ಪೀಡೆ ಬೇರೆ. ಹರಿಯುವ ನದಿಗೇ ಇದು ಭಾರವೆಂದ ಮೇಲೆ, ಬಾವಿಗಳನ್ನೇ ನಂಬಿದ ನಮ್ಮ ಜಿಲ್ಲೆಯ ಪಾಡು ಹೇಳಬೇಕಾಗಿಲ್ಲ. ಆದಿಲ್‌ಶಾಹಿಗಳು ಕಟ್ಟಿಸಿದ ತಾಜ್ ಬಾವಡಿಯಂತಹ ಬಾವಡಿಯೂ ಮೂರ್ತಿಗಳ ವಿಸರ್ಜನೆಯಿಂದ ನಲುಗಿದೆ. ಆದ್ದರಿಂದ 2016ರಲ್ಲಿ ರಾಜ್ಯದಲ್ಲಿ ಪಿಒಪಿ ಗಣೇಶ ಮೂರ್ತಿಗಳಿಗೆ ನಿಷೇಧ ಬಂದಾಗ ನಾನು ಅದನ್ನು ಒಪ್ಪಿದೆ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಷ್ಕೃತ ಮಾರ್ಗಸೂಚಿಯೂ ಅದನ್ನೇ ಹೇಳಿತು. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ನನ್ನ ತಕರಾರು ಇರುವುದು ನಿಷೇಧದ ನಂತರ ನಡೆದುದರ ಬಗ್ಗೆ. ನೀರಿಗೆ ಬಿಡುವ ಮೂರ್ತಿ ಬೇರೆ, ಮನೆಯಲ್ಲಿ ಇಡುವ ಗೊಂಬೆ ಬೇರೆ. ನಿಷೇಧದ ಗುರಿ ಮೊದಲನೆಯದು. ಊರಿನ ಮಟ್ಟಕ್ಕೆ ಇಳಿಯುವಾಗ ಈ ಭೇದ ಅಳಿಸಿಹೋಯಿತು. ತಪಾಸಣೆಗೆ ಬಂದವರಿಗೆ ಕಂಡದ್ದು ಬಿಳಿಯ ಚೀಲಗಳು. ಚೀಲವಿದ್ದರೆ ಗಣಪತಿ ಮಾಡುತ್ತಾರೆ ಎಂಬ ತರ್ಕ. ಆ ದಿನ ಲೆಕ್ಕಕ್ಕೆ ಸೇರಿಸಿದ ಮಾಲಿನಲ್ಲಿ ಗಿಳಿಗಳೂ ಇದ್ದವಂತೆ. ‘ತಮ್ಮಾ, ಗಣಪ್ಪನ್ನ ಮುಳುಗಸ್ತಾರ, ಖರೆ. ಗಿಳಿನ್ನ ಯಾರ ಮುಳುಗಸ್ತಾರ? ಅವರಿಗಿ ಅಷ್ಟ ಕೇಳಿದ್ನಿ,’ ಎಂದರು ಕಾಕಾ. ಗಿಳಿಗಳು ಮರಳಿ ಬಂದವು. ಆದರೆ ಮುಂದಿನ ವರ್ಷದಿಂದ ಪ್ಲಾಸ್ಟರ್ ತರಿಸುವ ಧೈರ್ಯ ಅವರ ಮಗನಿಗೆ ಆಗಲಿಲ್ಲ.

ಧೈರ್ಯದ ಪ್ರಶ್ನೆಯ ಹಿಂದೆ ಹಣದ ಪ್ರಶ್ನೆಯೂ ಇತ್ತು. ಹೇಳಿಕೇಳಿ ಸಣ್ಣ ವ್ಯಾಪಾರ. ಗಣಪತಿಯ ಎರಡು ತಿಂಗಳ ಗಳಿಕೆಯೇ ವರ್ಷದ ಮಿಕ್ಕ ದಿನಗಳ ಗೊಂಬೆಗಳಿಗೆ ಬಂಡವಾಳವಾಗುತ್ತಿತ್ತು. ಗಣಪತಿ ನಿಂತ ಮೇಲೆ ಬಸವಣ್ಣನೂ ನಿಂತ, ಗಿಳಿಯೂ ನಿಂತಿತು. ಆ ಜಾಗಕ್ಕೆ ಈಗ ಜಾತ್ರೆಯಲ್ಲಿ ಬಂದಿರುವುದು ಎಲ್ಲಿಯೋ ತಯಾರಾದ ಪ್ಲಾಸ್ಟಿಕ್ ಮತ್ತು ರಾಳದ ಗೊಂಬೆಗಳು. ಎರಡು ಗ್ರಾಂ ಇರಲಿ, ಅವು ಎಂದೆಂದಿಗೂ ಕರಗುವುದಿಲ್ಲ. ಅವುಗಳನ್ನು ಯಾರೂ ಕೇಳುವುದೂ ಇಲ್ಲ.

ಇನ್ನೊಂದು ವಿಪರ್ಯಾಸ ಭೀಮೆಯ ಆಚೆಗಿದೆ. 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಪಿಒಪಿ ಮೂರ್ತಿಗಳ ತಯಾರಿಕೆ ಮತ್ತು ಮಾರಾಟಕ್ಕೆ ಅವಕಾಶ ನೀಡಿ, ನೈಸರ್ಗಿಕ ಜಲಮೂಲಗಳಲ್ಲಿ ಅನುಮತಿಯಿಲ್ಲದೆ ವಿಸರ್ಜಿಸಬಾರದು ಎಂದಿತು. ಅಂದರೆ ನದಿಯ ಆ ದಂಡೆಯಲ್ಲಿ ಸಕ್ರಮವಾದ ಕಸುಬು ಈ ದಂಡೆಯಲ್ಲಿ ಅಕ್ರಮ. ಕಾಕಾನ ಮೊಮ್ಮಗ ಈಗ ಆ ದಂಡೆಯಲ್ಲಿದ್ದಾನೆ. ಅರವತ್ತು ವರ್ಷಗಳ ಹಿಂದೆ ಮುತ್ತಜ್ಜ ಹೋದ ಅದೇ ಸೋಲಾಪುರದಲ್ಲಿ, ಬೇರೆಯವರ ಕಾರ್ಖಾನೆಯಲ್ಲಿ ದಿನಗೂಲಿಗೆ ಬಣ್ಣ ಹೊಡೆಯುತ್ತಾನೆ. ಅವನು ಬಣ್ಣ ಹಚ್ಚಿದ ಯಾವುದಾದರೂ ಗಣಪತಿ ರಾತ್ರೋರಾತ್ರಿ ಗಡಿ ದಾಟಿ ನಮ್ಮ ಊರಿಗೇ ಬಂದರೆ ಆಶ್ಚರ್ಯವೇನಿಲ್ಲ.

ಕಿನ್ನಾಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಇಂಡಿಯ ನಿಂಬೆಗೂ 2023ರಲ್ಲಿ ಸಿಕ್ಕಿತು. ಎರಡೂ ಸಂತೋಷದ ಸಂಗತಿಗಳೇ. ಹುಣಸೆಬೀಜದ ಅಂಟು ಮತ್ತು ಮರದ ಪುಡಿ ಕಲಸಿದ ‘ಕಿಟ್ಟ’ದಿಂದ ಮೈ ತಿದ್ದುವ ಕಿನ್ನಾಳದ ಚಿತ್ರಗಾರರಿಗೆ ಹಂಪಿಯ ಹೆಸರಿದೆ, ಪರಂಪರೆಯಿದೆ. ಅಂಥ ವಂಶಾವಳಿ ಇಲ್ಲದ, ಅರವತ್ತು ವರ್ಷಗಳ ಕಸುಬಿಗೆ ಯಾವ ಗುರುತನ್ನೂ ನಾನು ಕೇಳುತ್ತಿಲ್ಲ. ಕೇಳುವುದು ಇಷ್ಟೇ. ಮನೆಯಲ್ಲಿಡುವ ಗೊಂಬೆ ಮಾಡುವವರಿಗೆ ಪ್ಲಾಸ್ಟರ್ ತರಿಸಲು ಒಂದು ಪರವಾನಗಿ ಚೀಟಿ ಕೊಡಬಹುದಲ್ಲವೇ? ಮುರಿದ ಗೊಂಬೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೂ ಉತ್ತರವಿದೆ. ಅಮೋನಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ಪ್ಲಾಸ್ಟರ್ ಕರಗಿ ಸುಣ್ಣದ ಪುಡಿಯೂ, ಗೊಬ್ಬರವಾಗಬಲ್ಲ ಅಮೋನಿಯಂ ಸಲ್ಫೇಟೂ ಉಳಿಯುತ್ತವೆ ಎಂಬುದನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ತೋರಿಸಿಕೊಟ್ಟು ವರ್ಷಗಳೇ ಆದವು. ಇನ್ನು ಗಣಪತಿಯನ್ನು ಮಣ್ಣಿನಲ್ಲೇ ಮಾಡಿ ಎನ್ನುವವರು, ಮಣ್ಣಿನ ಮೂರ್ತಿಗೆ ಹಿಡಿಯುವ ಹೆಚ್ಚಿನ ದಿನಗಳ ಕೂಲಿಯನ್ನು ಬೆಲೆಯಲ್ಲಿ ಕೊಡಬೇಕು. ಮಳೆಗಾಲದಲ್ಲಿ ಒಣಗಿಸಲು ಊರಿನ ಒಂದು ಖಾಲಿ ಗೋದಾಮನ್ನಾದರೂ ಬಿಟ್ಟುಕೊಡಬೇಕು. ಲಂಡನ್ನಿನವರು ಒಂದು ಕಾರ್ಖಾನೆಯನ್ನೇ ಕೊಂಡರು. ನಾವು ಗೋದಾಮಿನ ಮಾತನಾಡುತ್ತಿದ್ದೇವೆ.

ಆ ಮಧ್ಯಾಹ್ನ ಕಾಕಾ ಗೋಣಿಚೀಲ ಸರಿಸಿ ಅಚ್ಚುಗಳನ್ನು ತೋರಿಸಿದರು. ರಬ್ಬರಿನವು ಬಿಸಿಲಿಗೆ ಒಣಗಿ ಪುಡಿಯಾಗುತ್ತಿವೆ. ಅವುಗಳ ಕೆಳಗೆ ಅವರ ತಂದೆ ಮಾಡಿದ ಹಳೆಯ ಪ್ಲಾಸ್ಟರ್ ಅಚ್ಚುಗಳು, ಒಂದೊಂದರ ತುಂಡುಗಳನ್ನೂ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದದ್ದು, ಹಾಗೆಯೇ ಗಟ್ಟಿಯಾಗಿವೆ. ಮಣ್ಣು ಒತ್ತುವುದಕ್ಕೆಂದೇ ಮಾಡಿದ ಅಚ್ಚುಗಳು ಅವು. ಒಂದನ್ನು ಬಿಚ್ಚಿದರು. ಒಳಗೆ ಗಿಳಿಯ ಟೊಳ್ಳು. ರೆಕ್ಕೆಯ ಗೆರೆಗಳು, ಕಣ್ಣಿನ ಜಾಗದಲ್ಲಿ ಬೇಳೆಯಷ್ಟು ಕುಳಿ.

ಅಂಗಳದ ಮೂಲೆಯಲ್ಲಿ ಜೋಕುಮಾರನಿಗೆಂದು ಕಲಸಿಟ್ಟ ಮಣ್ಣಿತ್ತು. ಅದರಲ್ಲೊಂದು ಉಂಡೆ ತೆಗೆದು ಎರಡೂ ಹೋಳುಗಳಿಗೆ ಒತ್ತಿ, ಕೂಡಿಸಿ, ಪಟ್ಟಿ ಬಿಗಿದು ನೆರಳಿನಲ್ಲಿಟ್ಟರು. ನಾವು ಚಹಾ ಕುಡಿದು, ಮೊಮ್ಮಗನ ಮದುವೆಯ ಮಾತು ಮುಗಿಸುವಷ್ಟರಲ್ಲಿ ಅಚ್ಚು ತೇವ ಕುಡಿದಿತ್ತು. ಬಿಚ್ಚಿದರೆ ಕಪ್ಪು ಗಿಳಿ. ಎಂಟು ದಿನ ನೆರಳಿನಲ್ಲಿಟ್ಟು ಆಮೇಲೆ ಒಯ್ಯಿ ಎಂದರು. ನನಗೆ ಸಂಜೆಯ ಬಸ್ಸಿತ್ತು. ನಿಂಬೆಹಣ್ಣಿನ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟೆ.

ಬೆಂಗಳೂರಿನಲ್ಲಿ ಪೆಟ್ಟಿಗೆ ತೆರೆದಾಗ ಕುತ್ತಿಗೆಯಲ್ಲಿ ಸೀಳು ಬಿಟ್ಟಿತ್ತು. ಕಾಕಾನಿಗೆ ಫೋನ್ ಮಾಡಿದೆ. ‘ಹತ್ತಿ ಕಲಸಿದ್ದಿಲ್ಲ ತಮ್ಮಾ. ಮತ್ತ ನೀ ಅವಸರ ಮಾಡಿದಿ,’ ಎಂದರು. ‘ಚೌತಿ ಮುಗದ ಮ್ಯಾಲೆ ಬಾ. ಇನ್ನೊಂದ ಒತ್ತಿ ಇಟ್ಟಿರತೀನಿ.’